ಪದಚರ್ಚೆ: ತೂಕ ಇಳಿದ ಮೇಲೆ ಉಳಿಯುವ ಚರ್ಮಕ್ಕೆ ಏನೆನ್ನೋಣ?

ಬಳಗದವರಿಗೆ ಮಡಿಕೇರಿಯಿಂದ ನಮಸ್ಕಾರ.

ಒಂದು ಪದ ಬೇಕಾಗಿದೆ. ಯಾಕೆ ಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ.

ಸೋಮವಾರಪೇಟೆ ಕಡೆ ನನ್ನ ದೊಡ್ಡಮ್ಮನ ಮಗ ಇದ್ದಾನೆ. ನನಗೆ ಅಣ್ಣ. ಎರಡು ವರ್ಷದ ಹಿಂದೆ ಜಠರ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಮಾಡಿಸಿಕೊಂಡ. 134 ಕಿಲೋ ಇದ್ದವನು ಈಗ 81. ತೋಟದ ಏರು ಹತ್ತುವಾಗ ಏದುಸಿರು ಇಲ್ಲ. ಆದರೆ ಹೊಟ್ಟೆ, ತೋಳು, ತೊಡೆಯ ಚರ್ಮ ಮಾತ್ರ ಹಳೇ ಅಳತೆಯಲ್ಲೇ ಇದೆ. ಆಸ್ಪತ್ರೆಯವರು ಕೊಟ್ಟ ಕನ್ನಡ ಕರಪತ್ರದಲ್ಲಿ ಅದನ್ನು ‘ಅಧಿಕ ಶಿಥಿಲ ತ್ವಚೆ’ ಎಂದು ಬರೆದಿದ್ದಾರೆ. ಅಣ್ಣ ಓದಿ, ‘ಶಿಥಿಲ ಅಂದ್ರೆ ಹಳೇ ದೇವಸ್ಥಾನಕ್ಕೆ ಹೇಳೋದಲ್ವಾ? ನಾನೇನು ಬೀಳೋ ಕಟ್ಟಡವಾ?’ ಎಂದು ಕೇಳಿದ. ಸುಲಭ ಕನ್ನಡದಲ್ಲಿ ತಿದ್ದಿ ಕೊಡು ಅಂತ ಕರಪತ್ರವನ್ನು ನನ್ನ ಕೈಗೇ ತುರುಕಿದ.

ಮೊದಲು ಹೊಳೆದದ್ದು ‘ಸುಕ್ಕು’. ಅದು ಆಗುವುದಿಲ್ಲ. ಸುಕ್ಕು ಮುಪ್ಪಿನದು, ಇಲ್ಲವೇ ಇಸ್ತ್ರಿ ಕಾಣದ ಅಂಗಿಯದು. ಅಣ್ಣನಿಗೆ 43. ಅವನ ಚರ್ಮ ಮಡಿಕೆ ಮಡಿಕೆಯಾಗಿ ಕೆಳಗಿಳಿದಿದೆ, ಅಷ್ಟೇ.

‘ಜೋಲು ಚರ್ಮ’ ಕಣ್ಣಿಗೆ ಕಂಡದ್ದನ್ನು ಸರಿಯಾಗಿ ಹೇಳುತ್ತದೆ. ಆದರೆ ಹಿಂದೆಯೇ ಜೋಲುಮೋರೆ ನೆನಪಾಗುತ್ತದೆ. 53 ಕಿಲೋ ಇಳಿಸಿದವನಿಗೆ ಅದು ಯಾಕೆ? ‘ಜೋತುಬಿದ್ದ’ ಅಂದರೆ ಯಾರನ್ನೋ ಬಿಡದೆ ಹಿಡಿದುಕೊಂಡ ಹಾಗೆ ಕೇಳುತ್ತದೆ. ಇನ್ನು ‘ಲೂಸ್ ಸ್ಕಿನ್’ ಅನ್ನೋಣ ಅಂದರೆ, ನಮ್ಮಲ್ಲಿ ಲೂಸು ಅಂದರೆ ಬೇರೆಯೇ ಅರ್ಥ!

‘ಸಡಿಲ’ ಒಳ್ಳೆಯ ಪದ. ಎಲ್ಲರಿಗೂ ಗೊತ್ತು. ನನ್ನ ತಕರಾರು ಏನೆಂದರೆ, ಸಡಿಲವಾದದ್ದನ್ನು ಬಿಗಿ ಮಾಡಬಹುದು ಅನ್ನುವ ಆಸೆ ಆ ಪದದೊಳಗೇ ಕೂತಿದೆ. ಗಂಟು ಸಡಿಲವಾದರೆ ಬಿಗಿಯುತ್ತೇವೆ, ಬೆಲ್ಟ್ ಸಡಿಲವಾದರೆ ಇನ್ನೊಂದು ತೂತಿಗೆ ಹಾಕುತ್ತೇವೆ. ಈ ಚರ್ಮ ಹಾಗಲ್ಲ. ಮೇಲ್ಪದರದ ಕೆಳಗೆ ಕೊಲಾಜೆನ್, ಎಲಾಸ್ಟಿನ್ ಎಂಬ ಎಳೆಗಳಿರುತ್ತವೆ. ಕೊಲಾಜೆನ್ ಗಟ್ಟಿತನಕ್ಕೆ, ಎಲಾಸ್ಟಿನ್ ಎಳೆದು ಬಿಟ್ಟಾಗ ಹಿಂದೆ ಸರಿಯುವುದಕ್ಕೆ. ವರ್ಷಗಟ್ಟಲೆ ಎಳೆತದಲ್ಲಿದ್ದರೆ ಈ ಎಳೆಗಳು ಹಾಳಾಗುತ್ತವೆ, ಲಂಗದ ಹಳೇ ಎಲಾಸ್ಟಿಕ್ಕಿನ ಹಾಗೆ. ಎಣ್ಣೆ, ಕ್ರೀಮು ಎಷ್ಟು ತಿಕ್ಕಿದರೂ ಅದು ಮೊದಲಿನಂತೆ ಆಗುವುದಿಲ್ಲ. ವ್ಯಾಯಾಮದಿಂದ ಒಳಗಿನ ಮಾಂಸಖಂಡ ಸ್ವಲ್ಪ ತುಂಬಿಕೊಳ್ಳಬಹುದು, ಚರ್ಮ ಕುಗ್ಗುವುದಿಲ್ಲ. ಅಣ್ಣ ಈಗಾಗಲೇ ಮೂರು ಬಾಟಲಿ ಎಣ್ಣೆ ಮುಗಿಸಿದ್ದಾನೆ. ‘ಸಡಿಲ’ ಅಂತ ಬರೆದರೆ ನಾಲ್ಕನೆಯದೂ ಬರುತ್ತದೆ.

ಹಾಗಾದರೆ ‘ಹಿಗ್ಗಿದ ಚರ್ಮ’? ಅದು ಅರ್ಧ ನಿಜ. ಎಳೆತಕ್ಕೆ ಸಿಕ್ಕ ಚರ್ಮ ಬರೀ ಹಿಗ್ಗುವುದಿಲ್ಲ, ಬೆಳೆಯುತ್ತದೆ ಕೂಡ. ಸುಟ್ಟ ಗಾಯದ ಕಲೆ ಇರುವವರಿಗೆ ಪ್ಲಾಸ್ಟಿಕ್ ಸರ್ಜನ್‌ಗಳು ಪಕ್ಕದ ಒಳ್ಳೆಯ ಚರ್ಮದ ಕೆಳಗೆ ಒಂದು ಬಲೂನಿಟ್ಟು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಉಪ್ಪುನೀರು ತುಂಬುತ್ತಾರೆ. ಹಾಗೆ ಬೆಳೆಸಿಕೊಂಡ ಚರ್ಮವನ್ನು ಕಲೆ ಇದ್ದ ಜಾಗಕ್ಕೆ ಎಳೆದು ಹೊಲಿಯುತ್ತಾರೆ. ಹಾಗಾಗಿ ಕರಪತ್ರದ ‘ಅಧಿಕ’ ತಪ್ಪೇನಲ್ಲ. ಅದನ್ನೇ ‘ಮಿಕ್ಕ ಚರ್ಮ’ ಅಂದರೆ ಹೇಗೆ? ದರ್ಜಿಯ ಅಂಗಡಿಯಲ್ಲಿ ಮಿಕ್ಕ ಬಟ್ಟೆ ಅಂದ ಹಾಗೆ.

ಬಟ್ಟೆ ಅಂದಾಗ ನೆನಪಾಯಿತು. ಹೊಟ್ಟೆಯಿಂದ ಹೀಗೆ ಇಳಿದ ಪದರಕ್ಕೆ ವೈದ್ಯರು ‘ಪ್ಯಾನಿಕ್ಯುಲಸ್’ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದು ಬಟ್ಟೆಯ ತುಂಡು. ಮಾತಿನಲ್ಲಿ ‘ಏಪ್ರನ್’. ನಾನೂ ‘ಮಡಿಲು’ ಇಡೋಣ ಅಂದುಕೊಂಡೆ. ನನ್ನ ಹೆಂಡತಿ ಒಂದೇ ಮಾತಿಗೆ ತಳ್ಳಿಹಾಕಿದಳು: ‘ಮಡಿಲು ತುಂಬೋದು ಶುಭಕ್ಕೆ. ಇದಕ್ಕಲ್ಲ.’ ಪಕ್ಕದ ತೋಟದ ಕೊಡವ ಗೆಳೆಯ ಮಾತ್ರ ಅಣ್ಣನನ್ನು ನೋಡಿ, ‘ಕುಪ್ಯ ಸರಿಯಾಗಿದೆ, ಚೇಲೆ ಕಟ್ಟೋದು ಮರೆತಿದ್ದೀಯ’ ಅಂದನಂತೆ. ಕುಪ್ಯ ಅಂದರೆ ಕೊಡವ ಗಂಡಸರ ನಿಲುವಂಗಿ, ಚೇಲೆ ಅಂದರೆ ಅದರ ಮೇಲೆ ಸೊಂಟಕ್ಕೆ ಬಿಗಿಯುವ ವಸ್ತ್ರ. ಅಣ್ಣನಿಗೆ ಅದು ಬೇಸರವಾಗಲಿಲ್ಲ. ಅವನು ಈಗ ದಿನಾ ಅಂಗಿಯೊಳಗೆ ಬಿಗಿಯಾದ ಬನಿಯನ್ ಹಾಕುತ್ತಾನೆ. ಅದಕ್ಕೆ ಮನೆಯಲ್ಲಿ ಚೇಲೆ ಅಂತಲೇ ಹೆಸರಾಗಿದೆ.

ದನ ಸಾಕಿದವರಿಗೆ ‘ಗಂಗೆದೊಗಲು’ ಗೊತ್ತಿರುತ್ತದೆ. ಎತ್ತಿನ ಕತ್ತಿನ ಕೆಳಗೆ ಜೋಲುವ ಚರ್ಮ. ಎಷ್ಟು ಚಂದದ ಪದ! ಅಣ್ಣನಿಗೆ ಹೇಳುವ ಧೈರ್ಯ ಮಾತ್ರ ನನಗಿಲ್ಲ. ಆದರೆ ಅದನ್ನು ನೋಡಿ ನಾನೇ ಒಂದು ಪದ ಕಟ್ಟಿದ್ದೇನೆ: ‘ಇಳಿದೊಗಲು’. ತೂಕವೂ ಇಳಿಯುತ್ತದೆ, ಚರ್ಮವೂ ಇಳಿಬೀಳುತ್ತದೆ. ಕನ್ನಡ ಎರಡಕ್ಕೂ ಒಂದೇ ‘ಇಳಿ’ ಕೊಟ್ಟಿರುವಾಗ ಬಿಡುವುದು ಯಾಕೆ?

ಇದಕ್ಕೆ ಎರಡು ಅಡ್ಡಿ ಕಾಣುತ್ತಿವೆ. ‘ಇಳಿವಯಸ್ಸು’ ಇರುವುದರಿಂದ ಮತ್ತೆ ಮುಪ್ಪಿನ ವಾಸನೆ ಬರಬಹುದು. ಇನ್ನೊಂದು, ಈಗಿನ ಕನ್ನಡದಲ್ಲಿ ತೊಗಲು ಅಂದರೆ ಚಪ್ಪಲಿ, ತೊಗಲುಗೊಂಬೆ. ಬದುಕಿರುವ ಮನುಷ್ಯನ ಮೈಗೆ ಹೇಳಿದರೆ ಒರಟು. ತಮಿಳಿನವರು ‘ತೋಲ್’, ಮಲಯಾಳದವರು ‘ತೊಲಿ’ ಅನ್ನುವುದನ್ನು ಮನುಷ್ಯರಿಗೂ ಆರಾಮಾಗಿ ಬಳಸುತ್ತಾರೆ. ನಾವು ಮಾತ್ರ ಅದನ್ನು ಚಮ್ಮಾರಿಕೆಗೆ ಬಿಟ್ಟು ‘ಚರ್ಮ’ಕ್ಕೆ ಹೋದೆವು. ‘ಇಳಿಚರ್ಮ’ ಅನ್ನಬಹುದು, ಆದರೆ ಬಾಯಿಗೆ ಸೊಗಸಿಲ್ಲ.

ಇನ್ನೆರಡು ಸಣ್ಣ ಪದಗಳು. ಮಡಿಕೆಗಳ ಸಂದಿಯಲ್ಲಿ ಬೆವರು ನಿಂತು ಕೆಂಪಾಗಿ, ಕೆರೆದು, ಹುಣ್ಣಾಗುವುದುಂಟು. ಬಟ್ಟೆಯನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುವ ನಮ್ಮ ಮಳೆಗಾಲದಲ್ಲಿ ಅದು ಇನ್ನೂ ಜಾಸ್ತಿ. ಕರಪತ್ರದಲ್ಲಿ ‘ಅಂತರ್ವಲಿ ಉರಿಯೂತ’ ಎಂದಿದೆ. ಗದ್ದೆಯವರ ಕಾಲ್ಬೆರಳ ಸಂದಿಗೆ ಬರುವ ಕೆಸರುಹುಣ್ಣು ಎಲ್ಲರಿಗೂ ಗೊತ್ತು, ಹಾಗಾಗಿ ನಾನು ‘ಮಡಿಕೆಹುಣ್ಣು’ ಎಂದು ತಿದ್ದಿದ್ದೇನೆ. ನಡೆಯುತ್ತದಾ? ಇನ್ನೊಂದು, ಚರ್ಮ ಒಳಗೆ ಹರಿದು ಮೊದಲು ಕೆಂಪಾಗಿ, ಆಮೇಲೆ ಬೆಳ್ಳಗಾಗುವ ಗೆರೆಗಳು. ನಮ್ಮ ಕಡೆ ಅದಕ್ಕೆ ‘ಬಸಿರಿನ ಗೆರೆ’ ಅನ್ನುತ್ತಾರೆ. ಅಣ್ಣನ ಹೊಟ್ಟೆಗೆ ಏನನ್ನಲಿ?

‘ಆಪರೇಷನ್ ಚರ್ಮ’ ಎಂಬ ಸಲಹೆ ಮಾತ್ರ ದಯವಿಟ್ಟು ಬೇಡ. ನಮ್ಮೂರಲ್ಲಿ ಆಪರೇಷನ್ನಿನಿಂದಲೇ ಹೀಗಾಗುತ್ತದೆ ಅಂತ ನಂಬಿದವರಿದ್ದಾರೆ. ಊಟ ಕಮ್ಮಿ ಮಾಡಿ, ನಡೆದು 50 ಕಿಲೋ ಇಳಿಸಿದವರಿಗೂ ಇದೇ ಆಗುತ್ತದೆ. ಎಷ್ಟು ಇಳಿಯಿತು, ಎಷ್ಟು ವರ್ಷ ದಪ್ಪ ಇದ್ದರು, ವಯಸ್ಸೆಷ್ಟು, ಬೀಡಿ ಸಿಗರೇಟು ಇತ್ತಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ನಾನು ಬರೀ ನಡೆದು 9 ಕಿಲೋ ಇಳಿಸಿದೆ, ನನ್ನಲ್ಲಿ ಏನೂ ಜೋಲಲಿಲ್ಲ.

ಅಣ್ಣನಿಗೆ ಮಿಕ್ಕ ಚರ್ಮ ತೆಗೆಸುವ ಯೋಚನೆ ಇದೆ. ತೂಕ ಕೆಲವು ತಿಂಗಳು ಒಂದೇ ಕಡೆ ನಿಲ್ಲಲಿ ಅಂತ ಡಾಕ್ಟರು ಕಾಯಿಸಿದ್ದಾರೆ. ಹೊಟ್ಟೆಯ ಕೆಳಗೆ ಈ ಸೊಂಟದಿಂದ ಆ ಸೊಂಟಕ್ಕೆ ಹೊಲಿಗೆಯ ಗೆರೆ ಉಳಿಯುತ್ತದೆ ಅಂತಲೂ ಹೇಳಿದ್ದಾರೆ. ಕರಪತ್ರವನ್ನು ನಾನು ಹುತ್ತರಿ ಹಬ್ಬದೊಳಗೆ ತಿದ್ದಿ ಕೊಡಬೇಕು. ಇಳಿದೊಗಲೋ, ಮಿಕ್ಕ ಚರ್ಮವೋ? ಧಾರವಾಡ, ಕಲಬುರಗಿ, ಕುಂದಾಪುರ ಕಡೆಯವರು ಮನೆಯಲ್ಲಿ ಏನನ್ನುತ್ತೀರಿ ಅಂತ ತಿಳಿಸಿ. ನಿಘಂಟಿನದು ನಾನೇ ನೋಡಿಕೊಳ್ಳುತ್ತೇನೆ, ಅಜ್ಜಿಯರು ಆಡುವ ಮಾತು ಬೇಕು.