ಆರ್‌ಸಿಸಿ (ಕಾಂಕ್ರೀಟು) ಮನೆ ರಾತ್ರಿಯೂ ಬಿಸಿ ಕಾರುತ್ತಿದೆ, ಏನು ಮಾಡಿದಿರಿ ಹೇಳಿ

ಸಿಂಧನೂರು ಕಡೆಯಿಂದ ಕೇಳುತ್ತಿದ್ದೇನೆ. ಮಣ್ಣಿನ ಮಾಳಿಗೆ ಕೆಡವಿ ಮೂರು ವರ್ಷದ ಹಿಂದೆ ಆರ್‌ಸಿಸಿ ಮನೆ ಕಟ್ಟಿಸಿದೆವು. ಈಗ ರಾತ್ರಿ ಹನ್ನೊಂದಾದರೂ ಗೋಡೆ ಬಿಸಿ. ಅಮ್ಮನಿಗೆ 72 ವರ್ಷ, ಬಿಪಿ ಇದೆ. ಎಸಿ ಹಾಕಿಸಲೇಬೇಕಾ? ಮಾಡಿ ನೋಡಿದವರು ಹೇಳಿ.

ರಾಯಚೂರಿನಿಂದ:
ಅಣ್ಣಾ, ಮೊದಲು ಮೇಲೆ ಹತ್ತಿ ನೋಡಿ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಒಳಗೆ ಬಿಡುತ್ತದೆ. 42 ಡಿಗ್ರಿ ನಮಗೇನು ಹೊಸದಲ್ಲ, ರಾತ್ರಿ ತಣಿಯದೇ ಇರೋದೇ ಕಷ್ಟ. ನಾನು ಮಾಳಿಗೆ ಮೇಲೆ ಸುಣ್ಣ ಹೊಡೆದೆ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ಮೊದಲ ವರ್ಷ ಸುಮ್ನೆ ಸುಣ್ಣದ ನೀರು ಬಳಿದೆ. ಒಂದೇ ಮಳೆಗೆ ಎಲ್ಲ ಇಳಿದು ಪಕ್ಕದ ಮನೆಯ ಅಂಗಳಕ್ಕೆ ಹೋಯಿತು, ಬೈಸಿಕೊಂಡೆ. ಮರುವರ್ಷ ಕಸ ಗುಡಿಸಿ, ಬಿರುಕು ಮುಚ್ಚಿ, ಸುಣ್ಣ ರಾತ್ರಿಯೆಲ್ಲ ನೆನೆಸಿ ಸೋಸಿ, ಫೆವಿಕಾಲ್ ಬೆರೆಸಿ ಎರಡು ಸಲ ಹೊಡೆದೆ. ರಾತ್ರಿ ಕೋಣೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಕಣ್ಣಿಗೆ ಮಾತ್ರ ಸಿಡಿಯದ ಹಾಗೆ ನೋಡಿಕೊಳ್ಳಿ.

ಬಳ್ಳಾರಿಯಿಂದ:
ಕೂಲರ್ ಸಾಕು, ನಮ್ಮದು ಒಣ ಬಿಸಿಲು. ಆದರೆ ಎದುರು ಕಿಟಕಿ ತೆರೆದಿಡಿ. ನಾವು ಎಲ್ಲ ಮುಚ್ಚಿ ಹಚ್ಚಿದ್ದೆವು, ಮೈಯೆಲ್ಲ ಜಿಗಿಜಿಗಿ! ಮಳೆಗಾಲದಲ್ಲಿ ಅದು ಅಷ್ಟಕ್ಕಷ್ಟೇ.

ಕೊಪ್ಪಳದಿಂದ:
ಮನೆ ಮಾತು ಆಮೇಲೆ, ಅಮ್ಮನ ಕಡೆ ಗಮನ ಇರಲಿ ರೀ. ನಮ್ಮ ಮಾವ ಮಧ್ಯಾಹ್ನ ಹೊಲದಲ್ಲಿ ಕುಸಿದು ಬಿದ್ದರು. ಮೈ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ನಾವು ಬಾಯಿಗೆ ನೀರು ಹಾಕಲು ಹೋದೆವು. ಎಚ್ಚರ ಇಲ್ಲದವರಿಗೆ ಹಾಗೆ ಮಾಡಬಾರದು ಅಂತ ನರ್ಸ್ ಆಮೇಲೆ ಹೇಳಿದರು. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಬೇಕು. ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು ಇಳಿಸುವವೂ ಇರುತ್ತವೆ. ಈಗಲೇ ಒಮ್ಮೆ ಡಾಕ್ಟರನ್ನು ಕೇಳಿಬಿಡಿ, ಉಪ್ಪು ಹಾಕಿದ ಮಜ್ಜಿಗೆ ಎಷ್ಟು ಕೊಡಬಹುದು ಅಂತಲೂ.

ಶಕ್ತಿನಗರದ ಹತ್ತಿರದಿಂದ:
ಎಸಿ ಅಂದರೆ ಕರೆಂಟು, ಕರೆಂಟು ಅಂದರೆ ನಮ್ಮೂರ ವಿದ್ಯುತ್ ಸ್ಥಾವರದ ಚಿಮಣಿ. ಇಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಆ ಹೊಗೆಯ ಇಂಗಾಲದ ಡೈಆಕ್ಸೈಡ್ ಭೂಮಿಯ ಕಾವನ್ನು ಹಿಡಿದಿಡುತ್ತದೆ. ಜಗತ್ತಿನಲ್ಲಿ ದಾಖಲೆಯಾದ ವರ್ಷಗಳಲ್ಲೇ 2024 ಅತಿ ಬಿಸಿಯದು. ನಮ್ಮ ಮನೆಯ ಅನ್ನವೂ ಆ ಚಿಮಣಿಯದೇ, ಹಾಗಾಗಿ ಉಪದೇಶ ಮಾಡಲಾರೆ. ಅಮ್ಮನಿಗೆ ನಿದ್ದೆಯೇ ಬರ್ತಿಲ್ಲ ಅಂದರೆ ಒಂದು ಕೋಣೆಗೆ ಎಸಿ ಹಾಕಿಸಿ, 26ಕ್ಕೆ ಇಟ್ಟು ಫ್ಯಾನ್ ಹಚ್ಚಿ. ಸುಣ್ಣ ಮಾತ್ರ ಮೊದಲು. ಮಾಳಿಗೆ ತಣ್ಣಗಿದ್ದರೆ ಎಸಿಗೂ ಕೆಲಸ ಕಡಿಮೆ. ಪಡುವಣ ಗೋಡೆಯಿಂದ ಸ್ವಲ್ಪ ದೂರಕ್ಕೆ ಬೇವಿನ ಗಿಡ ಹಚ್ಚಿ, ನೆರಳು ತಡವಾಗಿ ಸಿಕ್ಕರೂ ಸಿಗುತ್ತದೆ.

ಸಿಂಧನೂರಿನಿಂದ ಮತ್ತೆ:
ಎಲ್ಲರಿಗೂ ಶರಣು. ಭಾನುವಾರ ಸುಣ್ಣ ಹೊಡೀತೇವೆ. ಹಳೇ ಮಾಳಿಗೆ ಎಷ್ಟು ತಣ್ಣಗಿತ್ತು ಅಂತ ಅಮ್ಮ ದಿನಾ ನೆನಪಿಸ್ತಾರೆ, ಅಲ್ಲಿ ಸೋರುತ್ತಿದ್ದುದು ಮರೆತಿದ್ದಾರೆ! ಫೆವಿಕಾಲ್ ಎಷ್ಟು ಬೇಕು?

ರಾಯಚೂರಿನಿಂದ:
ನಾನು ದೊಡ್ಡ ಬಕೆಟ್ಟಿಗೆ ಅರ್ಧ ಕೆಜಿ ಹಾಕಿದ್ದೆ. ಬಿಸಿಲೇರುವ ಮುಂಚೆ ಮುಗಿಸಿ, ಇಲ್ಲದಿದ್ದರೆ ಬ್ರಷ್‌ನಲ್ಲೇ ಒಣಗುತ್ತದೆ.