ಮಳೆಗಾಲದ ಓದಿಗೆ ಯಾವ ಪುಸ್ತಕಗಳನ್ನು ಆರಿಸಿಕೊಳ್ಳಬಹುದು?

ಸೊಪ್ಪಿನಬೆಟ್ಟ (ಶಿರಸಿ):
ಶಿರಸಿಯಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಸೇರಿ, ಎಲ್ಲರೂ ಓದಿ ಬಂದ ಒಂದು ಪುಸ್ತಕದ ಬಗ್ಗೆ ಮಾತನಾಡುತ್ತೇವೆ. ನಮ್ಮಲ್ಲಿ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಕಾಲೇಜು ವಿದ್ಯಾರ್ಥಿಗಳು ಇದ್ದರೂ ಅಡಿಕೆ ತೋಟದವರೇ ಹೆಚ್ಚು. ಅಡಿಕೆ ಕೊನೆಕೊಯ್ಲು ಶುರುವಾದರೆ ಅವರಿಗೆ ಪುಸ್ತಕ ಹಿಡಿಯಲು ಪುರುಸೊತ್ತಿರುವುದಿಲ್ಲವಾದ್ದರಿಂದ, ಕೊಳೆರೋಗಕ್ಕೆ ಔಷಧಿ ಹೊಡೆದ ನಂತರ ಸಿಗುವ ಮಳೆಗಾಲದ ಬಿಡುವಿನಲ್ಲಿಯೇ ಓದು ನಡೆಯಬೇಕು. ನಮ್ಮ ಜಿಲ್ಲೆಯ ಲೇಖಕರಿಂದಲೇ ಆರಂಭಿಸೋಣ, ಅದರಲ್ಲೂ ಯಶವಂತ ಚಿತ್ತಾಲರ 'ಶಿಕಾರಿ'ಯನ್ನೇ ಮೊದಲು ಓದೋಣ ಎಂಬುದು ಕೆಲವರ ಒತ್ತಾಯ. ತಮ್ಮ ಸಲಹೆಯನ್ನು ಕಾರಣಸಹಿತ ತಿಳಿಸಬೇಕಾಗಿ ವಿನಂತಿ.

ಗಂಗಾವಳಿ ದಂಡೆ (ಅಂಕೋಲಾ):
1979ರಲ್ಲಿ ಬಂದ 'ಶಿಕಾರಿ' ಕನ್ನಡದ ದೊಡ್ಡ ಕಾದಂಬರಿಗಳಲ್ಲೊಂದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೊದಲಿಗೆ ಅದು ಬೇಡ. ಮುಂಬಯಿಯ ಕಂಪನಿಯೊಂದರ ಒಳಸಂಚಿಗೆ ಸಿಕ್ಕ ನಾಗಪ್ಪನ ತಲೆಯೊಳಗಿನ ಸಂಶಯ, ಭಯಗಳಲ್ಲಿಯೇ ಕಥೆ ಬಹುಪಾಲು ಸಾಗುವುದರಿಂದ, ಆ ಬಗೆಯ ಬರವಣಿಗೆ ರೂಢಿಯಿಲ್ಲದವರು ಅರ್ಧಕ್ಕೇ ಪುಸ್ತಕ ಮುಚ್ಚಿಡುತ್ತಾರೆ.

ಬದಲಿಗೆ ನಮ್ಮ ಅಂಕೋಲೆಯವರೇ ಆದ ವಿವೇಕ ಶಾನಭಾಗರ 'ಘಾಚರ್ ಘೋಚರ್' ಇಟ್ಟುಕೊಳ್ಳಿ. ಒಂದೇ ಸಲ ಕೂತು ಓದಿ ಮುಗಿಸಬಹುದಾದ ಈ ಕಥೆಯಲ್ಲಿ, ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಹಣ ಕಂಡ ಕುಟುಂಬವಿದೆ. ಚಿಕ್ಕಪ್ಪನನ್ನು ಹುಡುಕಿಕೊಂಡು, ಪಾತ್ರೆಯಲ್ಲಿ ಸಾರು ತುಂಬಿಕೊಂಡು ಬಾಗಿಲಿಗೆ ಬಂದ ಹೆಣ್ಣುಮಗಳೊಬ್ಬಳನ್ನು ಮನೆಯ ಹೆಂಗಸರೇ ಬೈದು ಅಟ್ಟುತ್ತಾರೆ. ತಂದ ಸಾರು ಬೀದಿಪಾಲಾಗುತ್ತದೆ, ಒಳಗಿದ್ದ ಗಂಡಸರು ಕೇಳಿಸಿಕೊಂಡು ಸುಮ್ಮನಿರುತ್ತಾರೆ. ಈ ಒಂದು ಪ್ರಸಂಗದ ಬಗ್ಗೆ ನಿಮ್ಮ ಹಿರಿಯರಿಗೂ ವಿದ್ಯಾರ್ಥಿಗಳಿಗೂ ಒಮ್ಮತ ಮೂಡುವುದು ಕಷ್ಟ, ಮತ್ತು ಚರ್ಚೆಗೆ ಬೇಕಾದದ್ದೂ ಅದೇ.

ಕಾಳಿ ಸೇತುವೆ (ಕಾರವಾರ):
ಜಿಲ್ಲೆಯಲ್ಲಿ ಹುಟ್ಟಿದವರು ಮಾತ್ರ ಜಿಲ್ಲೆಯ ಲೇಖಕರು ಎಂದು ಬೇಲಿ ಹಾಕಿಕೊಳ್ಳಬೇಡಿ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಇಲ್ಲಿಗೆ ಬಂದಿದ್ದ ರವೀಂದ್ರನಾಥ ಠಾಕೂರರು, 'ಪ್ರಕೃತಿಯ ಪ್ರತಿಶೋಧ' ನಾಟಕವನ್ನು ಬರೆದದ್ದು ಇಲ್ಲಿಯೇ. ಅವರ 'ಜೀವನಸ್ಮೃತಿ'ಯಲ್ಲಿ ಕಾರವಾರದ ಕುರಿತು ಕೆಲವೇ ಪುಟಗಳಿವೆ: ದೋಣಿಯಲ್ಲಿ ಕಾಳಿ ನದಿಯ ಮೇಲುಗಡೆಗೆ ಹೋದದ್ದು, ರೈತನೊಬ್ಬನ ಮನೆಯಂಗಳದಲ್ಲಿ ಉಂಡದ್ದು, ಬೆಳದಿಂಗಳಿನಲ್ಲಿ ಅಳಿವೆಯ ಬಳಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದು. ಅಷ್ಟನ್ನೇ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದರೂ ಸಾಕು. ನಮ್ಮ ಕಡಲತೀರಕ್ಕೆ ಅವರ ಹೆಸರಿದೆ. ಆ ಪುಟಗಳನ್ನು ಓದಿದವರು ಮಾತ್ರ ಊರಿನಲ್ಲಿಯೂ ವಿರಳ.

ಗೋಕರ್ಣದ ಜಯಂತ ಕಾಯ್ಕಿಣಿಯವರ ಕಥೆಗಳನ್ನೂ ಬಿಡಬೇಡಿ. ಮದುವೆಯ ಕರೆಯೋಲೆಯಲ್ಲಿ ತಮ್ಮ ಹೆಸರುಗಳನ್ನು ಹೇಗೆ ಅಚ್ಚು ಹಾಕಿಸುವುದೆಂದು ಅನಾಥ ಜೋಡಿಯೊಂದು ಚರ್ಚಿಸುವ 'ನೋ ಪ್ರೆಸೆಂಟ್ಸ್ ಪ್ಲೀಸ್' ಒಂದು ಸಂಜೆಗೆ ಧಾರಾಳವಾಯಿತು.

ಕಾನುದಾರಿ (ಸಿದ್ದಾಪುರ):
ಎಲ್ಲರೂ ಕಥೆಯನ್ನೇ ಹೇಳುತ್ತಿದ್ದಾರೆ. ತೋಟದವರು ಹೆಚ್ಚಿರುವ ಗುಂಪಿಗೆ ನನ್ನ ಆಯ್ಕೆ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಸಸ್ಯಶಾಸ್ತ್ರದ ಪ್ರಾಧ್ಯಾಪಕರ ಈ ಬರಹಗಳನ್ನು ಎಲ್ಲಿಂದ ಬೇಕಾದರೂ ತೆರೆದು ಓದಬಹುದು, ಪೂರ್ತಿ ಮುಗಿಸಿಯೇ ಬರಬೇಕೆಂಬ ಹಂಗಿಲ್ಲ. ಪುಸ್ತಕದಲ್ಲಿ ಕಂಡ ಮರಕ್ಕೆ ನಮ್ಮ ಕಡೆ ಏನೆನ್ನುತ್ತಾರೆಂಬ ವಾದ ಹುಟ್ಟಿದರೆ, ಓದದೆ ಬಂದವರೂ ಬಾಯಿ ತೆರೆಯುತ್ತಾರೆ.

ಸೊಪ್ಪಿನಬೆಟ್ಟ (ಶಿರಸಿ):
ಎಲ್ಲರಿಗೂ ಧನ್ಯವಾದಗಳು. ಮೊದಲ ತಿಂಗಳಿಗೆ 'ಘಾಚರ್ ಘೋಚರ್', ಅದರ ಮುಂದಿನ ತಿಂಗಳಿಗೆ 'ಹಸುರು ಹೊನ್ನು' ಎಂದು ಗುಂಪಿನ ಮುಂದಿಡುತ್ತೇನೆ. ಕಾರವಾರದ ಪುಟಗಳನ್ನು ಯಾವುದಾದರೊಂದು ಸಭೆಯ ಆರಂಭದಲ್ಲಿ ಓದಿಸುವ ಆಲೋಚನೆಯಿದೆ. 'ಜೀವನಸ್ಮೃತಿ'ಯ ಕನ್ನಡ ಅನುವಾದ ತಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ, ಕೆಲವು ದಿನಗಳ ಮಟ್ಟಿಗೆ ಕೊಡಲು ಸಾಧ್ಯವೇ?