ದಾವಣಗೆರೆಯಲ್ಲಿ ಪಾಡ್‌ಕಾಸ್ಟ್: ಜಾಹೀರಾತಿನ ಹಣಕ್ಕೋ, ಅಂಗಡಿಯ ಗಿರಾಕಿಗೋ?

ಪ್ರಶ್ನೆ: ಮೆಕ್ಕೆಜೋಳದ ಸೀಮೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಬೀಜ, ಗೊಬ್ಬರ ಮತ್ತು ಔಷಧಿಯ ಅಂಗಡಿ. ಅಪ್ಪಾಜಿಯವರು ಕಟ್ಟಿದ್ದು, ಈಗ ನಾನೂ ಕೂರುತ್ತೇನೆ. ಗಿರಾಕಿಗಳಲ್ಲಿ ಹೆಚ್ಚಿನವರು ಮಳೆಯನ್ನೇ ನಂಬಿ ಮೆಕ್ಕೆಜೋಳ ಬೆಳೆಯುವವರು, ಉಳಿದವರು ಭದ್ರಾ ನಾಲೆಯ ಭತ್ತದವರು ಹಾಗೂ ಚನ್ನಗಿರಿ ಕಡೆಯ ಅಡಿಕೆಯವರು. ಮುಂಗಾರಿಗೆ ಮೊದಲು ಗೋಡೆಬರಹ, ಕರಪತ್ರ, ಆಟೋ ಮೇಲಿನ ಮೈಕು ಎಂದು ಪ್ರತಿ ವರ್ಷ ಖರ್ಚು ಮಾಡುತ್ತೇವೆ. ಅದರಿಂದ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಈಗ ಎರಡು ಆಲೋಚನೆಗಳಿವೆ. ಮೊದಲನೆಯದು, ಅಂಗಡಿಯ ಹೆಸರಿನಲ್ಲಿ ವಾರಕ್ಕೊಂದು, ಹದಿನೈದು ನಿಮಿಷದ ಪಾಡ್‌ಕಾಸ್ಟ್ (ಇಂಟರ್ನೆಟ್‌ನಲ್ಲಿ ಬೇಕಾದಾಗ ಕೇಳಬಹುದಾದ ಧ್ವನಿ ಕಾರ್ಯಕ್ರಮ) ಮಾಡಿ ನಮ್ಮ ಸೀಮೆಯ ಕನ್ನಡದಲ್ಲಿಯೇ ಬೆಳೆಯ ವಿಷಯ ಮಾತನಾಡುವುದು. ಎರಡನೆಯದು ನನ್ನ ಸ್ನೇಹಿತನದು: ವಿದ್ಯಾನಗರದಲ್ಲಿ ಕೋಣೆ ಬಾಡಿಗೆಗೆ ಹಿಡಿದು ಸ್ಟುಡಿಯೋ ಮಾಡೋಣ, ವೈದ್ಯರು, ಕೋಚಿಂಗ್ ಸೆಂಟರಿನವರು, ಬಿಲ್ಡರುಗಳು ಬಂದು ರೆಕಾರ್ಡ್ ಮಾಡಿಸಿಕೊಳ್ಳುತ್ತಾರೆ, ನಮ್ಮದೇ ಕಾರ್ಯಕ್ರಮಗಳಿಗೆ ಜಾಹೀರಾತಿನ ಹಣವೂ ಬರುತ್ತದೆ ಎಂದು ಅವನು ಹೇಳುತ್ತಾನೆ. ಅಪ್ಪಾಜಿಯವರ ಪ್ರಶ್ನೆ ಬೇರೆ: "ರೇಡಿಯೋದಲ್ಲಿ ಪುಕ್ಕಟೆ ಸಿಗೋದನ್ನ ನಿನ್ನ ಬಾಯಿಂದ ಯಾರು ಕೇಳ್ತಾರೆ?" ಈ ಕೆಲಸದಲ್ಲಿ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಧ್ವನಿ ಸಂಕಲನದವ (ದಾವಣಗೆರೆ)

ನಾನು ಇತರರ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿ, ಎಡಿಟ್ ಮಾಡಿಕೊಟ್ಟು ಜೀವನ ನಡೆಸುವವನು, ಆದ್ದರಿಂದ ನಿಮ್ಮ ಸ್ನೇಹಿತರ ಆಲೋಚನೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಬರೆಯುತ್ತೇನೆ. ಎರಡೂ ಕೆಲಸಗಳಿಗೆ ಮೈಕು ಬೇಕು ಎಂಬುದನ್ನು ಬಿಟ್ಟರೆ ಅವೆರಡಕ್ಕೂ ಸಂಬಂಧವಿಲ್ಲ. ಒಂದರಲ್ಲಿ ನೀವು ಮಾರುವುದು ಬೀಜ ಮತ್ತು ಗೊಬ್ಬರವನ್ನು, ಇನ್ನೊಂದರಲ್ಲಿ ಕೋಣೆಯನ್ನು ಮತ್ತು ಕೆಲಸದ ಗಂಟೆಗಳನ್ನು.

ಜಾಹೀರಾತಿನ ಲೆಕ್ಕವನ್ನು ಮೊದಲು ಮುಗಿಸೋಣ. ಪಾಡ್‌ಕಾಸ್ಟ್ ಜಾಹೀರಾತನ್ನು ಸಾಮಾನ್ಯವಾಗಿ ಸಾವಿರ ಡೌನ್‌ಲೋಡಿಗೆ ಇಷ್ಟು ಎಂಬ ದರದಲ್ಲಿ ಮಾರುತ್ತಾರೆ. ಲೆಕ್ಕಕ್ಕೆಂದು ಆ ದರ 300 ರೂಪಾಯಿ ಎಂದು ಹಿಡಿಯಿರಿ, ನಿಮ್ಮ ಪ್ರತಿ ಕಂತನ್ನು 500 ಜನ ಕೇಳುತ್ತಾರೆ ಎಂದೂ ಹಿಡಿಯಿರಿ. ಕಂತಿನೊಳಗಿನ ಒಂದು ಜಾಹೀರಾತಿಗೆ ಬರುವುದು 150 ರೂಪಾಯಿ. ಇಬ್ಬರು ಬೆಣ್ಣೆ ದೋಸೆ ತಿಂದು ಎದ್ದರೆ ಅದು ಮುಗಿಯಿತು, ಎಡಿಟ್ ಮಾಡಿದವನಿಗೆ ಕೊಡಲು ಏನೂ ಉಳಿಯುವುದಿಲ್ಲ. ಅದೇ 500 ಜನರಲ್ಲಿ ಹತ್ತು ಮಂದಿ ನಿಮ್ಮ ಅಂಗಡಿಗೆ ಬಂದು ಎರಡೆರಡು ಎಕರೆಗೆ ಬೇಕಾದ ಬಿತ್ತನೆ ಬೀಜವನ್ನೂ ಗೊಬ್ಬರವನ್ನೂ ಕೊಂಡರು ಎನ್ನಿ, ಆಗ ನಿಮಗೆ ಉಳಿಯುವ ಲಾಭವನ್ನು ನೀವೇ ಲೆಕ್ಕ ಹಾಕಿಕೊಳ್ಳಬಲ್ಲಿರಿ. ಲಕ್ಷಗಟ್ಟಲೆ ಕೇಳುಗರಿರುವ ಹಿಂದಿ, ಇಂಗ್ಲಿಷ್ ಕಾರ್ಯಕ್ರಮಗಳಿಗೆ ಹೊಂದುವ ಲೆಕ್ಕವನ್ನು ಒಂದು ಜಿಲ್ಲೆಯ ಕಾರ್ಯಕ್ರಮಕ್ಕೆ ಹಚ್ಚಬಾರದು. ಕನ್ನಡದಲ್ಲಿ ಕೇಳುಗರೇ ಇಲ್ಲ ಎಂದು ಇದರ ಅರ್ಥವಲ್ಲ. 2018ರಲ್ಲಿ ಆರಂಭವಾದ 'ತಲೆ-ಹರಟೆ'ಯಂತಹ ಕಾರ್ಯಕ್ರಮಗಳು ಗಂಭೀರ ವಿಷಯಗಳಿಗೂ ಕನ್ನಡದಲ್ಲಿ ಕಿವಿಗೊಡುವವರಿದ್ದಾರೆ ಎಂದು ತೋರಿಸಿವೆ. ಆದರೆ ಕೇಳುಗರಿರುವುದು ಒಂದು, ಆ ಕೇಳುಗರ ಮೇಲೆ ಜಾಹೀರಾತುದಾರ ಹಣ ಹೂಡುವುದು ಇನ್ನೊಂದು.

ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ಇಂಟರ್ನೆಟ್ ಜಾಹೀರಾತು ವಲಯದ ಸಂಘಟನೆಯಾದ ಇಂಟರ್‌ಆ್ಯಕ್ಟಿವ್ ಅಡ್ವರ್ಟೈಸಿಂಗ್ ಬ್ಯೂರೋದ ಮಾನದಂಡದ ಪ್ರಕಾರ ಕನಿಷ್ಠ ಒಂದು ನಿಮಿಷದಷ್ಟು ಧ್ವನಿ ಇಳಿದರೆ ಮಾತ್ರ ಅದು ಒಂದು ಡೌನ್‌ಲೋಡ್, ಒಂದೇ ಸಾಧನದಿಂದ 24 ಗಂಟೆಯೊಳಗೆ ಮತ್ತೆ ಮತ್ತೆ ಇಳಿಸಿದರೂ ಲೆಕ್ಕಕ್ಕೆ ಒಂದೇ. ಆದರೆ ಇಳಿದದ್ದೆಲ್ಲವನ್ನೂ ಯಾರೋ ಕೇಳಿದರು ಎಂದಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ ಐಫೋನಿನ ತಂತ್ರಾಂಶ ಐಓಎಸ್ 17ರಲ್ಲಿ ಆಪಲ್ ತನ್ನ ಪಾಡ್‌ಕಾಸ್ಟ್ ಆ್ಯಪ್ ಹೊಸ ಕಂತುಗಳನ್ನು ತಾನಾಗಿ ಇಳಿಸಿಕೊಳ್ಳುವ ಪದ್ಧತಿಯನ್ನು ಬಿಗಿ ಮಾಡಿದ ಮೇಲೆ ದೊಡ್ಡ ದೊಡ್ಡ ಕಾರ್ಯಕ್ರಮಗಳ ಡೌನ್‌ಲೋಡ್ ಸಂಖ್ಯೆಯೇ ಇಳಿದುಹೋಯಿತು. ಕೇಳುಗರು ಕಡಿಮೆಯಾಗಿರಲಿಲ್ಲ, ಯಾರೂ ಕೇಳದೆ ಫೋನಿನಲ್ಲಿ ಸೇರಿಕೊಳ್ಳುತ್ತಿದ್ದ ಕಂತುಗಳು ಲೆಕ್ಕದಿಂದ ಹೊರಬಿದ್ದಿದ್ದವು.

ಇನ್ನು ಸ್ಟುಡಿಯೋ. ಬಾಡಿಗೆ, ಮುಂಗಡ, ಗಾಜಿನ ಬಾಗಿಲು, ಏಸಿ ಎಂದು ಮೊದಲೇ ಹಣ ಹೂಡಬೇಡಿ. ನಮ್ಮೂರಿನ ಹೊಸ ಕಟ್ಟಡಗಳ ಕೋಣೆಗಳಲ್ಲಿ ಗ್ರಾನೈಟ್ ನೆಲ, ನುಣುಪಾದ ಗೋಡೆ, ದೊಡ್ಡ ಕಿಟಕಿ. ಅಲ್ಲಿ ಆಡಿದ ಮಾತು ಬಾವಿಯೊಳಗೆ ಆಡಿದಂತೆ ಕೇಳುತ್ತದೆ. ನಾನು ಇಂದಿಗೂ ಮುಖ್ಯವಾದ ಸಂದರ್ಶನಗಳನ್ನು ಪರಿಚಯದವರೊಬ್ಬರ ಬಟ್ಟೆ ಅಂಗಡಿಯ ಮಹಡಿಯಲ್ಲಿ, ಥಾನುಗಳನ್ನು ಜೋಡಿಸಿಟ್ಟ ಕಪಾಟುಗಳ ನಡುವೆ, ವ್ಯಾಪಾರ ಆರಂಭವಾಗುವ ಮೊದಲೇ ಮುಗಿಸುತ್ತೇನೆ. ಪ್ರತಿಧ್ವನಿಯನ್ನು ಬಟ್ಟೆ ನುಂಗುತ್ತದೆ, ಫ್ಯಾನ್ ನಿಲ್ಲಿಸಿದರೆ ಸಾಕು. ಮೈಕು ಹತ್ತಿರದ ದನಿಯನ್ನೇ ಮುಖ್ಯವಾಗಿ ಹಿಡಿಯುವ ಡೈನಮಿಕ್ ಬಗೆಯದಿರಲಿ, ಬಾಯಿಗೆ ಒಂದು ಗೇಣಿಗಿಂತ ಹತ್ತಿರವಿರಲಿ. ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕು ಮಾತನ್ನು ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಬೀದಿಯ ಹಾರನ್ನನ್ನೂ ಅಷ್ಟೇ ಚೆನ್ನಾಗಿ ಕೇಳಿಸುತ್ತದೆ.

ಸ್ನೇಹಿತರು ಹೇಳುವ ವೈದ್ಯರು, ಬಿಲ್ಡರುಗಳು ಬರುವುದು ನಿಜ. ಮೂರನೆಯ ಕಂತಿನ ಹೊತ್ತಿಗೆ ಅವರಿಗೆ ಬಿಡುವಿರುವುದಿಲ್ಲ, ಹೇಳಲು ವಿಷಯವೂ ಇರುವುದಿಲ್ಲ. ಆದ್ದರಿಂದ ಕೋಣೆಯ ಗಂಟೆಯನ್ನು ಮಾರುವುದಕ್ಕಿಂತ ವಿಷಯ ಹುಡುಕಿ, ಪ್ರಶ್ನೆ ಬರೆದು, ಎಡಿಟ್ ಮಾಡಿ, ಪ್ರಕಟಿಸಿ, ಅದರಿಂದ ತುಣುಕುಗಳನ್ನು ಕತ್ತರಿಸಿಕೊಡುವ ಪೂರ್ತಿ ಕೆಲಸವನ್ನು ತಿಂಗಳ ಲೆಕ್ಕದಲ್ಲಿ ಒಪ್ಪಿಕೊಳ್ಳುವುದೇ ಇಲ್ಲಿ ನಿಲ್ಲುವ ವ್ಯಾಪಾರ. ಅದಕ್ಕೆ ಸ್ವಂತ ಕೋಣೆಯೇ ಬೇಕೆಂದಿಲ್ಲ.

ಉತ್ತರ 2: ಶೇಂಗಾ ಹೊಲ (ಚಳ್ಳಕೆರೆ)

ನಿಮ್ಮ ಅಪ್ಪಾಜಿಯವರ ಪ್ರಶ್ನೆಯನ್ನು ನಗೆಯಾಡಿ ಬಿಡಬೇಡಿ, ಅದರಲ್ಲಿಯೇ ಉತ್ತರವಿದೆ. ಚಿತ್ರದುರ್ಗ ಆಕಾಶವಾಣಿ ಇಡೀ ಸೀಮೆಗೆ ಒಂದೇ ಮಾತನ್ನು ಹೇಳಬೇಕಾಗುತ್ತದೆ. ನಿನ್ನೆ ಯಾವ ಹೋಬಳಿಯಲ್ಲಿ ಹದ ಮಳೆಯಾಯಿತು, ಯಾವ ತಳಿಯ ಬೀಜ ಬಂದಿದೆ, ಡಿಎಪಿ ಗೊಬ್ಬರ ಸಿಗದಿದ್ದರೆ ಅದರ ಬದಲು ಯಾವುದನ್ನು ಎಷ್ಟು ಹಾಕಬೇಕು ಎಂಬುದನ್ನು ಹೇಳಬಲ್ಲವರು ಕೌಂಟರಿನ ಹಿಂದೆ ಕುಳಿತವರು. ನಾವೂ ಇದೇ ವ್ಯಾಪಾರದವರು. ಶೇಂಗಾ ಬೆಳೆಗಾರರಿಗಾಗಿ ಇಂತಹದ್ದನ್ನು ನಡೆಸುತ್ತಿರುವುದರಿಂದ ಕೆಲವು ಮಾತು ಬರೆಯುತ್ತೇನೆ.

ನಮ್ಮ ಕಡೆಯ ರೈತರು ಪಾಡ್‌ಕಾಸ್ಟ್ ಆ್ಯಪ್ ತೆರೆಯುವುದಿಲ್ಲ. ಅವರ ಬಳಿ ಇರುವುದು ವಾಟ್ಸ್‌ಆ್ಯಪ್ ಮತ್ತು ಯೂಟ್ಯೂಬ್. ಹದಿನೈದು ನಿಮಿಷದ ಮಾತನ್ನು 64 ಕೆಬಿಪಿಎಸ್ ಮೋನೋ ಎಂಪಿ3 ಮಾಡಿದರೆ ಸುಮಾರು 7 ಎಂಬಿ ಆಗುತ್ತದೆ, ಗ್ರೂಪಿಗೆ ಸಲೀಸಾಗಿ ಹೋಗುತ್ತದೆ, ಹಾಲು ಕರೆಯುವಾಗಲೋ ಟ್ರ್ಯಾಕ್ಟರಿನ ಮೇಲೋ ಕೇಳುತ್ತಾರೆ. ಆದರೆ ವಾಟ್ಸ್‌ಆ್ಯಪಿನಲ್ಲಿ ಎಷ್ಟು ಜನ ಕೇಳಿದರೆಂಬ ಲೆಕ್ಕ ಸಿಗುವುದಿಲ್ಲ, ಹೋದ ವರ್ಷದ ಕಂತನ್ನು ಹುಡುಕಲೂ ಆಗುವುದಿಲ್ಲ. ಹಾಗಾಗಿ ಆರ್‌ಎಸ್‌ಎಸ್ ಫೀಡ್ (ಹೊಸ ಕಂತುಗಳನ್ನು ಆ್ಯಪ್‌ಗಳಿಗೆ ತಾನಾಗಿ ತಿಳಿಸುವ ಪಟ್ಟಿ) ಇರುವ ಹೋಸ್ಟಿಂಗ್‌ನಲ್ಲಿ, ಅಂದರೆ ಕಂತುಗಳನ್ನು ಇಂಟರ್ನೆಟ್‌ನಲ್ಲಿ ಇರಿಸುವ ಸೇವೆಯಲ್ಲಿ, ಇಟ್ಟು, ಅಲ್ಲಿಂದ ಸ್ಪಾಟಿಫೈ, ಆಪಲ್‌ಗೆ ಕೊಟ್ಟು, ಯೂಟ್ಯೂಬಿಗೂ ಹಾಕಿ, ಅದನ್ನೇ ಗ್ರೂಪಿಗೂ ಕಳಿಸುವುದು ಸರಿಯಾದ ದಾರಿ. ಒಂದೇ ಆ್ಯಪನ್ನು ನೆಚ್ಚಿಕೊಂಡವರಿಗೆ 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ ಏನಾಯಿತು ಎಂಬುದು ನಿಮಗೂ ನೆನಪಿರಬಹುದು.

ಯಾವ ವಿಷಯ ಕಿವಿಗೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ನಿಮ್ಮ ಮೆಕ್ಕೆಜೋಳಕ್ಕೆ 2018ರಿಂದ ಕಾಡುತ್ತಿರುವ ಸೈನಿಕ ಹುಳುವನ್ನೇ ತೆಗೆದುಕೊಳ್ಳಿ. ಹುಳು ಸುಳಿಯೊಳಗೆ ಅವಿತಿರುತ್ತದೆ, ಗರಗಸದ ಪುಡಿಯಂತಹ ಹಿಕ್ಕೆ ಸುಳಿಯಲ್ಲಿ ಕಾಣುತ್ತದೆ, ಔಷಧಿಯ ನೀರು ಎಲೆಯ ಮೇಲಲ್ಲ, ಸುಳಿಯೊಳಗೇ ಇಳಿಯಬೇಕು, ಬೆಳಿಗ್ಗೆ ಬೇಗನೆ ಅಥವಾ ಸಂಜೆ ಹೊಡೆಯಬೇಕು: ಇದನ್ನೆಲ್ಲ ಮಾತಿನಲ್ಲಿ ಸೊಗಸಾಗಿ ಹೇಳಬಹುದು. ಪ್ರಮಾಣ ಹೇಳುವಲ್ಲಿ ಅಪಾಯವಿದೆ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಎಂಬ ಕೀಟನಾಶಕವನ್ನು ಲೀಟರ್ ನೀರಿಗೆ 0.4 ಗ್ರಾಂ ಎಂದು ನೀವು ಹೇಳಿದ್ದು ಪಂಪ್‌ಸೆಟ್ಟಿನ ಸದ್ದಿನಲ್ಲಿ ನಾಲ್ಕು ಗ್ರಾಂ ಎಂದು ಕೇಳಿದರೆ ಹತ್ತು ಪಟ್ಟು ವ್ಯತ್ಯಾಸ. ಆದ್ದರಿಂದ ಪ್ರಮಾಣವನ್ನು ಮಾತಿನಲ್ಲಿ ಎರಡು ಬಾರಿ ಹೇಳಿ, ಕಂತಿನ ಕೆಳಗೆ ಬರಹದಲ್ಲಿಯೂ ಕೊಡಿ, ಗ್ರೂಪಿಗೆ ಕಳಿಸುವಾಗ ಧ್ವನಿಯ ಜೊತೆಗೇ ಆ ಬರಹವೂ ಹೋಗಲಿ. ಶಿಫಾರಸು ನಿಮ್ಮದಾಗಿರಬಾರದು, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ನಮಗೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರವಿದೆ, ಅಲ್ಲಿನ ವಿಜ್ಞಾನಿಗಳನ್ನೇ ಕರೆದು ಮಾತನಾಡಿಸಿ. ಔಷಧಿ ಮಾರುವವನೇ ಔಷಧಿ ಹೊಡೆಯಿರಿ ಎಂದರೆ ರೈತ ನಂಬುವುದಿಲ್ಲ, ನಂಬಬಾರದು ಕೂಡ. "ಈ ವಾರ ಏನೂ ಹೊಡೆಯುವುದು ಬೇಡ, ಕಾಯಿರಿ" ಎಂದು ನಿಮ್ಮ ಪಾಡ್‌ಕಾಸ್ಟಿನಲ್ಲಿ ಬಂದ ದಿನ ನಿಮ್ಮ ಅಂಗಡಿಯ ಹೆಸರು ಊರೂರಿಗೆ ಮುಟ್ಟುತ್ತದೆ. ಯಾವ ಗೋಡೆಬರಹವೂ ಮಾಡದ ಕೆಲಸ ಅದು.

ಫಲ ಅಳೆಯುವ ಉಪಾಯ ಬಹಳ ಸರಳವಾದದ್ದು. ಪ್ರತಿ ಕಂತಿನಲ್ಲಿ ಒಂದು ಗುರುತಿನ ಮಾತು ಹೇಳಿ, ಅದನ್ನು ಕೌಂಟರಿನಲ್ಲಿ ಹೇಳಿದವರಿಗೆ ಸ್ಪ್ರೇಯರ್ ನಾಜಲ್ ಒಂದನ್ನೋ ಮಣ್ಣು ಪರೀಕ್ಷೆಯ ಚೀಲವನ್ನೋ ಕೊಡಿ, ಬಿಲ್ಲಿನ ಮೂಲೆಯಲ್ಲಿ ಬರೆದುಕೊಳ್ಳಿ. ಹಂಗಾಮು ಮುಗಿದಾಗ ಬಿಲ್ ಪುಸ್ತಕವೇ ಹೇಳುತ್ತದೆ. ವರ್ಷವಿಡೀ ವಾರಕ್ಕೊಂದು ಎಂದು ಹೊರಡಬೇಡಿ. ಬಿತ್ತನೆಗೆ ಮುಂಚಿನಿಂದ ಕಟಾವಿನವರೆಗೆ ಮಾಡಿ, ಬೇಸಿಗೆಯಲ್ಲಿ ಬಿಡುವು ಕೊಡಿ. ಬೆಳೆಗೆ ಹಂಗಾಮು ಇರುವಾಗ ಮಾತಿಗೂ ಇರಲಿ.

ಉತ್ತರ 3: ಲೆಕ್ಕಪತ್ರ (ಚಿತ್ರದುರ್ಗ)

ಮೇಲಿನವರು ಬರೆಯದೆ ಬಿಟ್ಟ ಕಾಗದಪತ್ರದ ಮಾತುಗಳನ್ನಷ್ಟೇ ಸೇರಿಸುತ್ತೇನೆ. ಬೀಜ ಅಥವಾ ಔಷಧಿ ಕಂಪನಿಯವರು ಹಣ ಕೊಟ್ಟೋ ಮಾಲು ಕೊಟ್ಟೋ ತಮ್ಮ ಉತ್ಪನ್ನದ ಬಗ್ಗೆ ಮಾತನಾಡಿಸಿದರೆ ಅದು ಜಾಹೀರಾತು. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯಂತೆ, ಧ್ವನಿ ಮಾಧ್ಯಮದಲ್ಲಿ ಅದನ್ನು ಕಾರ್ಯಕ್ರಮದ ಆರಂಭದಲ್ಲಿ, ಕೊನೆಯಲ್ಲಿ, ನಡುವೆ ವಿರಾಮವಿದ್ದರೆ ಅದರ ಹಿಂದೆ ಮತ್ತು ಮುಂದೆ ಸ್ಪಷ್ಟವಾಗಿ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ದನಿಗೂಡಿಸಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಆರಂಭದ ಸಂಗೀತಕ್ಕೆ ಸಿನಿಮಾ ಹಾಡಿನ ತುಣುಕನ್ನು ಬಳಸಬೇಡಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷ ಇರುತ್ತದೆ, ಕೆಲವೇ ಸೆಕೆಂಡು ಬಳಸಿದರೆ ನಡೆಯುತ್ತದೆ ಎಂಬುದು ಬರೀ ಗಾಳಿಮಾತು. ಊರಿನ ಭಜನಾ ತಂಡದವರಿಂದಲೋ ಡೊಳ್ಳಿನವರಿಂದಲೋ ಹೊಸದಾಗಿ ನುಡಿಸಿ, ರೆಕಾರ್ಡ್ ಮಾಡಿಸಿಕೊಂಡು, ಹಣ ಕೊಟ್ಟು ಸಹಿ ಪಡೆಯಿರಿ.

ಸ್ನೇಹಿತರ ಜೊತೆ ಸ್ಟುಡಿಯೋ ಮಾಡುವುದಾದರೆ ಪಾಲುದಾರಿಕೆ ಪತ್ರ ಬೇಕೇ ಬೇಕು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ಸ್ಟುಡಿಯೋವನ್ನು ಈಗಾಗಲೇ ನೋಂದಣಿಯಾಗಿರುವ ಅಂಗಡಿಯ ಹೆಸರಿನಲ್ಲಿಯೇ ನಡೆಸಿದರೆ ಮೊದಲ ರೂಪಾಯಿಯಿಂದಲೇ ತೆರಿಗೆ ಹಾಕಬೇಕಾಗುತ್ತದೆ. ಎರಡನ್ನೂ ಬೆರೆಸುವ ಮೊದಲು ನಿಮ್ಮ ಆಡಿಟರನ್ನು ಕೇಳಿ.

ಪ್ರಶ್ನೆ ಕೇಳಿದವರು: ಮೆಕ್ಕೆಜೋಳದ ಸೀಮೆ

ಮೂವರಿಗೂ ಧನ್ಯವಾದಗಳು. ಸ್ಟುಡಿಯೋ ಆಲೋಚನೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ; ಸ್ನೇಹಿತ ಸ್ವಲ್ಪ ಮುನಿಸಿಕೊಂಡಿದ್ದಾನೆ, ಸರಿಹೋಗುತ್ತಾನೆ. "ಕಾಯಿರಿ ಎಂದು ಹೇಳುವ ಕಂತು" ಎಂಬ ಮಾತನ್ನು ಅಪ್ಪಾಜಿಯವರಿಗೆ ಓದಿ ಹೇಳಿದಾಗ ಅವರು ಮೊದಲ ಬಾರಿಗೆ ಈ ವಿಷಯದಲ್ಲಿ ಆಸಕ್ತಿ ತೋರಿಸಿದರು. ಇನ್ನೊಂದು ಸಂಶಯ ಉಳಿದಿದೆ. ಎಡಿಟಿಂಗ್ ಕೆಲಸವನ್ನು ಹೊರಗೆ ಕೊಟ್ಟರೆ, ಮುಂದೆ ಅವರೊಂದಿಗೆ ಹೊಂದಿಕೆಯಾಗದಿದ್ದಾಗ ನಮ್ಮ ಹಳೆಯ ಕಂತುಗಳೂ ಕೇಳುಗರೂ ಅವರ ಬಳಿಯೇ ಉಳಿದುಬಿಡುವುದಿಲ್ಲವೇ?

ಉತ್ತರ 1ರವರು: ಧ್ವನಿ ಸಂಕಲನದವ

ಉಳಿಯಬಹುದು, ಅದಕ್ಕೇ ಹೋಸ್ಟಿಂಗ್ ಖಾತೆಯನ್ನು ನಿಮ್ಮ ಇಮೇಲಿನಲ್ಲಿಯೇ ತೆರೆಯಿರಿ, ಎಡಿಟ್ ಮಾಡುವವರಿಗೆ ಅದರೊಳಗೆ ಕೆಲಸ ಮಾಡುವ ಅನುಮತಿ ಮಾತ್ರ ಕೊಡಿ. ಫೀಡಿನೊಳಗೆ ಮಾಲೀಕರ ಇಮೇಲ್ ಎಂದು ಒಂದು ನಮೂದು ಇರುತ್ತದೆ, ಸ್ಪಾಟಿಫೈನಂತಹ ಕಂಪನಿಗಳು ಕಾರ್ಯಕ್ರಮ ಯಾರದೆಂದು ಪರಿಶೀಲಿಸುವುದು ಆ ವಿಳಾಸಕ್ಕೆ ಸಂದೇಶ ಕಳಿಸಿಯೇ. ಅಲ್ಲಿ ಬೇರೆಯವರ ವಿಳಾಸವಿದ್ದರೆ ಕಾರ್ಯಕ್ರಮ ನಿಮ್ಮದೆಂದು ಸಾಧಿಸುವುದು ಕಷ್ಟ. ಹೋಸ್ಟಿಂಗ್ ಬದಲಿಸುವಾಗ ಹಳೆಯ ಕಂಪನಿಯಿಂದ ಹೊಸ ವಿಳಾಸಕ್ಕೆ 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ಏರ್ಪಾಡು) ಹಾಕಿಸಿಕೊಂಡರೆ ಚಂದಾದಾರರು ತಮಗೆ ಗೊತ್ತಾಗದಂತೆಯೇ ನಿಮ್ಮ ಜೊತೆ ಬರುತ್ತಾರೆ; ಈ ಸೌಲಭ್ಯ ಕೊಡದ ಕಂಪನಿಯ ಹತ್ತಿರ, ಅದು ಪುಕ್ಕಟೆಯಾಗಿದ್ದರೂ, ಹೋಗಬೇಡಿ. ಎಡಿಟ್ ಮಾಡದ ಮೂಲ ರೆಕಾರ್ಡಿಂಗ್‌ಗಳನ್ನು ಪ್ರತಿ ತಿಂಗಳು ಹಾರ್ಡ್ ಡಿಸ್ಕಿನಲ್ಲಿ ಕೇಳಿ ಪಡೆಯಿರಿ. ಇದನ್ನೆಲ್ಲ ಮೊದಲ ಕಂತಿಗೆ ಮುಂಚೆಯೇ ಕರಾರಿನಲ್ಲಿ ಬರೆಸಿ, ಎಡಿಟ್ ಮಾಡುವವನು ನಾನೇ ಆಗಿದ್ದರೂ ಸರಿ.